ಎಡ ಕಂಕುಳ ಹೂವು

ಆ ಬಟ್ಟೆಯ ಮೇಲಿನ ಹೂಗಳೆಲ್ಲ ಒಂದೇ ದಿಕ್ಕಿಗೆ ನಿಂತಿದ್ದವು. ಕೆನೆಬಣ್ಣದ ನೆಲ, ಅದರ ಮೇಲೆ ನಿಂಬೆಹಣ್ಣಿನ ಗಾತ್ರದ ಇಟ್ಟಿಗೆಗೆಂಪು ಹೂಗಳು. ಎಲ್ಲದರ ತೊಟ್ಟೂ ಕೆಳಗೆ, ಮುಖ ಮೇಲೆ. ಚಾಪೆಯ ಮೇಲೆ ಹರಡಿದಾಗ ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸಿದ ಮಕ್ಕಳ ಹಾಗೆ ಕಂಡವು. ಅಂಥ ಬಟ್ಟೆಗೆ ಕತ್ತರಿ ಹಾಕುವುದು ಸುಲಭವಲ್ಲ. ಸಾದಾ ಬಟ್ಟೆಯಾದರೆ ತುಂಡನ್ನು ಹೇಗಾದರೂ ತಿರುಗಿಸಿ, ಮೂಲೆಯಲ್ಲಿ ತೂರಿಸಿ, ಒಂದಿಷ್ಟು ಉಳಿಸಿಕೊಳ್ಳಬಹುದು. ಹೂವು ನಿಂತ ಬಟ್ಟೆಯಲ್ಲಿ ತುಂಡು ತಿರುಗಿದರೆ ಹೂವು ತಲೆಕೆಳಗಾಗುತ್ತದೆ, ಮತ್ತು ನೋಡುವವರ ಕಣ್ಣು ನೇರವಾಗಿ ಅದರ ಮೇಲೆಯೇ ಹೋಗುತ್ತದೆ.

ಅದನ್ನು ತಂದುಕೊಟ್ಟವರು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಅಮ್ಮ ತೀರಿಕೊಂಡಾಗ ನಾವಿಬ್ಬರು ಹುಡುಗಿಯರು ಉಳಿದೆವು. ಮಕ್ಕಳಿಲ್ಲದ ದೊಡ್ಡಮ್ಮ, ಇನ್ನೂ ಎದ್ದು ನಿಲ್ಲಲು ಬಾರದ ಮಂದಾಕಿನಿಯನ್ನು ಎತ್ತಿಕೊಂಡು ಹೋದರು. ನಾನು ಆಗಲೇ ಮಾತಾಡುವ, ನೆನಪಿಟ್ಟುಕೊಳ್ಳುವ ವಯಸ್ಸಿನವಳಾಗಿದ್ದೆ. ನನ್ನನ್ನು ಅಜ್ಜಿಯ ಬಳಿ ಬಿಟ್ಟರು. ಮಂದಾ ದೊಡ್ಡಮ್ಮನನ್ನು ಅಮ್ಮ ಎಂದು ಕರೆದು ಬೆಳೆದಳು. ನಾನು ಅವಳ ಅಕ್ಕನೆಂದು ಅವಳಿಗೆ ಗೊತ್ತಿತ್ತು, ಆದರೆ ಆ ಮನೆಯಲ್ಲಿ ಅದು ಬಾಯಿಬಿಟ್ಟು ಆಡುವ ಮಾತಾಗಿರಲಿಲ್ಲ. ಒಂದೇ ಊರಿನಲ್ಲಿದ್ದೂ ಹಬ್ಬಕ್ಕೋ ಹರಿದಿನಕ್ಕೋ ನೋಡುತ್ತಿದ್ದೆವು. ನಾವಿಬ್ಬರೂ ಒಟ್ಟಿಗೆ ನಿಂತ ಒಂದು ಫೋಟೋ ಕೂಡ ಇರಲಿಲ್ಲ.

ಅಮ್ಮನದ್ದು ಒಂದಿತ್ತು. ಅಜ್ಜಿಯ ಪೆಟ್ಟಿಗೆಯಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ; ಅದರದೇ ಇನ್ನೊಂದು ಪ್ರತಿ ದೊಡ್ಡಮ್ಮನ ಬಳಿ. ಅಮ್ಮ ಹುಡುಗಿಯಾಗಿದ್ದಾಗ ಸ್ಟುಡಿಯೋದಲ್ಲಿ ತೆಗೆಸಿದ್ದು: ಹೂವಿನ ಫ್ರಾಕು, ಬುಗ್ಗೆ ತೋಳು, ಬಿಳಿಯ ದುಂಡು ಕಾಲರು, ಸೊಂಟಕ್ಕೆ ಅದೇ ಬಟ್ಟೆಯ ಪಟ್ಟಿ. ಬಲಗೈಯನ್ನು ಮೇಲೆತ್ತಿ ಸ್ಟುಡಿಯೋದ ಸುಳ್ಳು ಕಂಬವೊಂದನ್ನು ಹಿಡಿದು ನಿಂತಿದ್ದಳು. ಮಂದಾ ಈಗ ಆ ಫೋಟೋದ ವಯಸ್ಸಿಗೆ ಬಂದಿದ್ದಳು, ಮತ್ತು ಮುಖ ಅದೇ ಮುಖವಾಗಿತ್ತು.

"ಸಂಜೆ ಹೊತ್ತು ಹೊಲಿಗೆ ಕ್ಲಾಸಿಗೆ ಹೋಗ್ತೀಯಂತಲ್ಲೇ" ಎಂದರು ದೊಡ್ಡಮ್ಮ, ಕೂರುವ ಮೊದಲೇ. "ಏನೇನು ಹೊಲಿಯೋಕೆ ಬರುತ್ತೆ?"

"ಲಂಗ, ರವಿಕೆ. ಶಿಶುವಿಹಾರದ ಮಕ್ಕಳಿಗೆ ಫ್ರಾಕೂ ಹೊಲಿದುಕೊಟ್ಟಿದ್ದೀನಿ ದೊಡ್ಡಮ್ಮ." ಹಗಲು ನಾನು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ.

"ಹಾಗಾದ್ರೆ ಇದರಲ್ಲಿ ಮಂದಾಗೆ ಒಂದು ಹೊಲಿ. ನಿಮ್ಮಮ್ಮನ ಫೋಟೋದಲ್ಲಿದೆಯಲ್ಲ, ಅದೇ ಥರ. ಹುಟ್ಟಿದ ಹಬ್ಬಕ್ಕೆ ಫೋಟೋದವನನ್ನ ಮನೆಗೇ ಕರೆಸ್ತಿದ್ದೀನಿ."

ಅಜ್ಜಿ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಬಟ್ಟೆಗಿಂತ ಬೆಳಕೇ ಹೆಚ್ಚಾಗಿ ಕಂಡಿತು.

"ಇಷ್ಟರಲ್ಲಿ ಗಿಳಿಗೆ ಫ್ರಾಕು ಹೊಲಿಬಹುದು ಕನಕಾ. ಹುಡುಗಿಗೆ ಹೆಂಗೆ ಸಾಲುತ್ತೆ?"

"ಇರೋದೇ ಅಷ್ಟು ಅವ್ವ. ಯಾವುದೋ ಹಳೇ ಅಂಗಡಿ ಮುಚ್ಚೋವಾಗ ಇವರು ತಂದಿದ್ದು. ಇಂಥ ಹೂವು ಈಗ ಎಲ್ಲಿ ಬರುತ್ತೆ?" ಎಂದು ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಚೆನ್ನಾಗಿ ಬಂದ್ರೆ ಅದನ್ನೇ ಹಾಕ್ಕೊಂಡು ನಿನ್ನ ಜೊತೆ ನಿಂತ್ಕೊಳ್ಳಲಿ. ಅಕ್ಕ ತಂಗಿ ಒಂದು ಫೋಟೋ ಆಗ್ಲಿ."

ಆ ಮಾತನ್ನು ಅವರೇ ಆಡಿದರು. ನಾನು ಕೇಳಿರಲಿಲ್ಲ. ಹಾಗಾಗಿಯೇ ಅದನ್ನು ಅಷ್ಟು ನಂಬಿದೆನೋ ಏನೋ.

ನಮ್ಮ ಊರಿನಲ್ಲಿ ಹೊಲಿಯಲು ಕೊಡುವವರು ಜೊತೆಗೆ ಅಳತೆ ಬಟ್ಟೆಯನ್ನೂ ಕೊಡುವುದು ರೂಢಿ. ಮೈಗೆ ಸರಿಯಾಗಿ ಕೂರುವ ಹಳೆಯದೊಂದು ರವಿಕೆಯೋ ಲಂಗವೋ. ಟೈಲರು ಅದನ್ನು ಹೊಸ ಬಟ್ಟೆಯ ಮೇಲಿಟ್ಟು ಗುರುತು ಹಾಕಿಕೊಳ್ಳುತ್ತಾನೆ. ಅದಿಲ್ಲದೆ ಯಾರೂ ಕತ್ತರಿ ಎತ್ತುವುದಿಲ್ಲ. ನಾನೂ ಕೇಳಿದೆ. "ಅಳತೆಗೆ ಅಂಥ ಫ್ರಾಕು ಅವಳ ಹತ್ರ ಎಲ್ಲಿದೆ?" ಎಂದರು ದೊಡ್ಡಮ್ಮ. "ಹುಡುಗೀನೇ ಕಳಿಸ್ತೀನಿ. ಮೈಮೇಲೇ ತಗೋ."

ಮಂದಾ ಬಂದಳು. ಟೇಪು ಹಿಡಿದು ಅವಳ ಭುಜ, ಎದೆ, ಸೊಂಟ ಅಳೆಯುವಾಗ ನನಗೆ ಮೊದಲ ಸಲ ಅವಳನ್ನು ಮುಟ್ಟಲು ಒಂದು ಕಾರಣ ಸಿಕ್ಕಂತಾಗಿತ್ತು. ಒಂದೇ ಅಳತೆಯನ್ನು ಮತ್ತೆ ಮತ್ತೆ ತೆಗೆದೆ.

"ಎಷ್ಟು ಸಲ ಅಳೀತೀಯ ಅಕ್ಕ? ಅಷ್ಟರಲ್ಲಿ ಬೆಳೆದುಬಿಡ್ತೀನಿ" ಎಂದು ನಕ್ಕಳು.

"ಸುಮ್ನೆ ನಿಂತ್ಕೋ. ಬಟ್ಟೆ ಕಡಿಮೆ ಇದೆ."

"ಅಮ್ಮ ಹೇಳಿದ್ರು. ಆಗದಿದ್ರೆ ಬೇಡ, ನೀನು ಬೇಜಾರು ಮಾಡ್ಕೋಬೇಡ ಅಂತ."

"ಆಗುತ್ತೆ" ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಮಹಿಳಾ ಸಮಾಜದ ಹಜಾರದಲ್ಲಿ ಸಂಜೆ ಹೊಲಿಗೆ ಕಲಿಸುತ್ತಿದ್ದವರು ಫೆಲ್ಸಿ ಟೀಚರ್. ಅವರ ಚಿಕ್ಕಂದಿನಲ್ಲಿ ಅಂಥದೇ ಫ್ರಾಕು ತೊಟ್ಟು ಚರ್ಚಿಗೆ ಹೋಗುತ್ತಿದ್ದರಂತೆ. ಫೋಟೋ ನೋಡಿ, ಬಟ್ಟೆ ನೋಡಿ, ನನ್ನ ಮುಖ ನೋಡಿದರು.

"ಇದು ಫ್ರಾಕಿನ ಬಟ್ಟೆ ಅಲ್ಲಮ್ಮ, ದಿಂಬಿನ ಚೀಲದ್ದು."

"ಹೊಲಿಯಲೇಬೇಕು ಟೀಚರ್."

"ಬಟ್ಟೆ ಕಡಿಮೆ ಇದ್ರೆ ಹುಡುಗೀನ ಕಡಿಮೆ ಮಾಡೋಕಾಗುತ್ತಾ? ಕಾಗದ ತಗೊಂಡು ಬಾ. ಮೊದಲು ಕಾಗದ ಹಾಳಾಗ್ಲಿ."

ಹಳೆಯ ದಿನಪತ್ರಿಕೆಗಳಲ್ಲಿ ಫ್ರಾಕನ್ನು ಮತ್ತೆ ಮತ್ತೆ ಕತ್ತರಿಸಿದೆ. ಕಾಗದದ ತುಂಡುಗಳನ್ನು ಬಟ್ಟೆಯ ಮೇಲೆ ಸರಿಸಿ, ಕೂಡಿಸಿ, ಮತ್ತೆ ಸರಿಸಿ ನೋಡಿದೆ. ಕಾಲರಿಗೆ ಅಜ್ಜಿಯ ಹಳೆಯ ಬಿಳಿ ಸೀರೆಯ ಒಂದು ತುಂಡು ಸಿಕ್ಕಿತು. ಲಂಗದ ನೆರಿಗೆಯನ್ನು ಮುಂದೆ ಮಾತ್ರ ಇಟ್ಟು, ಹಿಂದೆ ಸಪಾಟಾಗಿ ಬಿಟ್ಟೆ. ಫೋಟೋದಲ್ಲಿ ಹಿಂದಿನದು ಕಾಣುವುದಿಲ್ಲ. ಕೆಳ ಅಂಚನ್ನು ಮಡಿಸಿದರೆ ಬಟ್ಟೆ ತಿನ್ನುತ್ತದೆಂದು ಒಳಗಿನಿಂದ ಬೇರೆ ಪಟ್ಟಿ ಕೊಟ್ಟೆ. ಬುಗ್ಗೆ ತೋಳನ್ನು ಚೂರುಗಳಿಂದಲೇ ಕೂಡಿಸಿ, ಜೋಡಣೆಯನ್ನು ನೆರಿಗೆಯ ಒಳಗೆ ಅಡಗಿಸಿದೆ. ಎಲ್ಲ ಹೂಗಳನ್ನೂ ನೆಟ್ಟಗೆ ನಿಲ್ಲಿಸಿದೆ.

ಕಂಕುಳಲ್ಲಿ ಮಾತ್ರ ಸೋತೆ. ಕೈ ಎತ್ತಿದರೆ ಮೈ ಬಿಗಿಯುತ್ತಿತ್ತು. ಎರಡೂ ಕಡೆ ಒಂದೊಂದು ಚೌಕ ತುಂಡು ಸೇರಿಸದೆ ಬೇರೆ ದಾರಿ ಇರಲಿಲ್ಲ. ಬಲಕ್ಕೆ ಸರಿಯಾದ ತುಂಡು ಸಿಕ್ಕಿತು. ಎಡಕ್ಕೆ ಉಳಿದದ್ದು ಒಂದೇ ಚೂರು, ಅದರಲ್ಲಿ ಒಂದೇ ಹೂವು, ಮೂಲೆ ಓರೆಯಾಗಿದ್ದ ಆ ಚೂರು ಅಲ್ಲಿ ಕೂರುತ್ತಿದ್ದುದು ಹೂವು ತಲೆಕೆಳಗಾದಾಗ ಮಾತ್ರ. ಫೋಟೋದಲ್ಲಿ ಅಮ್ಮ ಎತ್ತಿರುವುದು ಬಲಗೈ, ಎಡಗೈ ಮೈಗೆ ಅಂಟಿಕೊಂಡೇ ಇದೆ ಎಂದು ಸಮಾಧಾನ ಮಾಡಿಕೊಂಡು ಹೊಲಿದುಬಿಟ್ಟೆ. ಆದರೂ ಮನಸ್ಸು ಒಪ್ಪಲಿಲ್ಲ. ಫ್ರಾಕನ್ನು ತಲುಪಿಸಿದಾಗ ಮೊದಲು ಹೇಳಿದ್ದೇ ಅದನ್ನು.

"ದೊಡ್ಡಮ್ಮ, ಒಂದು ಹೂವು ಉಲ್ಟಾ ಆಗಿದೆ. ಎಡ ಕಂಕುಳಲ್ಲಿ. ಕೈ ಎತ್ತಿದ್ರೆ ಮಾತ್ರ ಕಾಣುತ್ತೆ."

"ಕಂಕುಳು ಯಾರು ನೋಡ್ತಾರೆ ಬಿಡೆ" ಎಂದರು.

ಮಂದಾ ತೊಟ್ಟುಕೊಂಡು ಬಂದಳು. ಅಜ್ಜಿ ಅಲ್ಲಿಗೆ ಬಂದಿದ್ದರೆ ಅಳುತ್ತಿದ್ದರು. ಕನ್ನಡಿಯ ಮುಂದೆ ಎಡಗೈ ಎತ್ತಿ, ಆ ಹೂವನ್ನು ಹುಡುಕಿ, "ಅಯ್ಯೋ ಪಾಪ, ಇದು ಕಾಲು ಜಾರಿ ಬಿದ್ದಿದೆ" ಎಂದಳು. ಆಮೇಲೆ ಕಿವಿಯ ಹತ್ತಿರ ಬಂದು, "ಫೋಟೋದಲ್ಲಿ ನೀನು ನನ್ನ ಎಡಕ್ಕೇ ನಿಂತ್ಕೋ ಅಕ್ಕ. ಇದನ್ನ ಮುಚ್ಚಿದ ಹಾಗೂ ಆಗುತ್ತೆ" ಎಂದಳು. ದೊಡ್ಡಮ್ಮ ಫ್ರಾಕನ್ನು ಒಳಗೂ ಹೊರಗೂ ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ, "ಪರವಾಗಿಲ್ಲ ಕಣೇ, ಕೂತಿದೆ. ಇಲ್ಲೇ ಇರಲಿ, ಇಸ್ತ್ರಿ ಮಾಡಿಸ್ತೀನಿ" ಎಂದರು. ಆ ದಿನ ನಾನು ನೆಲದ ಮೇಲೆ ನಡೆದು ಮನೆಗೆ ಬಂದ ನೆನಪಿಲ್ಲ.

ಹುಟ್ಟುಹಬ್ಬದ ದಿನ ಅಜ್ಜಿ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಉಟ್ಟರು. ನಾನು ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು, ಸೆರಗನ್ನು ದಾರಿಯುದ್ದಕ್ಕೂ ಸರಿಮಾಡಿಕೊಂಡೆ. ಫೋಟೋದಲ್ಲಿ ಅವಳ ಪಕ್ಕ ನಿಲ್ಲುವಾಗ ನಾನು ತೀರ ಸಪ್ಪೆಯಾಗಿ ಕಾಣಬಹುದೇ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ದೊಡ್ಡಮ್ಮನ ಮನೆಯ ಹಜಾರದ ತುಂಬ ಜನ. ಬಾಗಿಲಲ್ಲಿ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ಕುರ್ಚಿಗಳು. ಸಾಲಾಗಿ ಇಟ್ಟಿದ್ದ ಬೆತ್ತದ ಕುರ್ಚಿಗಳ ಮೆತ್ತೆಗೆಲ್ಲ ಹೊಸ ಗವಸು: ಕೆನೆಬಣ್ಣದ ನೆಲ, ಇಟ್ಟಿಗೆಗೆಂಪು ಹೂವು. ಒಂದು ಮೆತ್ತೆಯ ಮೇಲೆ ಭಾರೀ ಗೃಹಸ್ಥರೊಬ್ಬರು ಕಾಲ ಮೇಲೆ ಕಾಲು ಹಾಕಿ ಕೂತು ಬೋಂಡಾ ತಿನ್ನುತ್ತಿದ್ದರು. ನನಗೆ ತಕ್ಷಣ ಏನೂ ಅರ್ಥವಾಗಲಿಲ್ಲ. ಬೇರೆ ಬಟ್ಟೆಯಿರಬೇಕು, ನನ್ನ ಕಣ್ಣಿಗೆ ಈಗ ಎಲ್ಲವೂ ಅದೇ ಹೂವಾಗಿ ಕಾಣುತ್ತಿದೆ ಎಂದುಕೊಂಡೆ.

ಆಗ ಮಂದಾ ಒಳಗಿನಿಂದ ಬಂದಳು. ಅದೇ ದುಂಡು ಕಾಲರು, ಅದೇ ಬುಗ್ಗೆ ತೋಳು. ಆದರೆ ಲಂಗ ಸುತ್ತಲೂ ನೆರಿಗೆ ತುಂಬಿಕೊಂಡು, ತಿರುಗಿದರೆ ಕೊಡೆಯಂತೆ ಬಿಚ್ಚಿಕೊಳ್ಳುತ್ತಿತ್ತು. ಸೊಂಟದ ಪಟ್ಟಿ ಹಿಂದೆ ದೊಡ್ಡ ಗಂಟಾಗಿ, ಮೊಣಕಾಲಿನವರೆಗೆ ಇಳಿಬಿದ್ದಿತ್ತು. ನಾನು ಹೊಲಿದ ಪಟ್ಟಿ ಗಂಟು ಹಾಕಲೂ ಸಾಲದೆ ಗುಂಡಿಯಲ್ಲಿ ಮುಗಿದಿತ್ತು.

"ಪೇಟೆ ಟೈಲರ್ ಹತ್ರ ಹೊಲಿಸಿದ್ದು" ಎಂದು ದೊಡ್ಡಮ್ಮ ಯಾರಿಗೋ ಹೇಳುತ್ತಿದ್ದರು. "ನನ್ನ ತಂಗಿ ಫೋಟೋ ಒಂದಿತ್ತು, ಅದನ್ನ ನೋಡಿ."

ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ಕಂಡು ಅವರು ಸಂಕೋಚಪಡಲಿಲ್ಲ. ಅದು ನನ್ನನ್ನು ಇಂದಿಗೂ ಕಾಡುತ್ತದೆ. ಸಂಕೋಚಪಟ್ಟಿದ್ದರೆ ನಾನು ಏನನ್ನಾದರೂ ಹೇಳುತ್ತಿದ್ದೆನೇನೋ. ಮೂಲೆಯ ಗೂಟದಿಂದ ಚೀಲವೊಂದನ್ನು ತೆಗೆದು ಕೈಗಿಟ್ಟರು. ಒಳಗೆ ನನ್ನ ಫ್ರಾಕು ಇತ್ತು. ಹೊಲಿಗೆ ಬಿಚ್ಚಿ, ಮುಂಭಾಗ ಬೇರೆ, ಹಿಂಭಾಗ ಬೇರೆ, ತೋಳು ಬೇರೆ; ಎಲ್ಲದರ ಅಂಚಿಗೂ ನೀಲಿ ಸೀಮೆಸುಣ್ಣದ ಗುರುತು.

"ಬೇಜಾರು ಮಾಡ್ಕೋಬೇಡ ಕಣೇ. ಆ ಟೈಲರಿಗೆ ಫೋಟೋ ತೋರಿಸಿದ್ರೆ, ಅಳತೆ ಬಟ್ಟೆ ಇಲ್ದೆ ಇಂಥದಕ್ಕೆ ಕತ್ತರಿ ಹಾಕಲ್ಲ ಅಂದ. ಅದಕ್ಕೇ ಒಂದು ಚೂರು ಹರಿದು ನಿನಗೆ ಕೊಟ್ಟೆ. ಅಷ್ಟೂ ಬಟ್ಟೇನ ಕ್ಲಾಸಿನ ಹುಡುಗಿ ಕೈಗೆ ಕೊಟ್ಟು ಕೆಟ್ರೆ ಏನು ಮಾಡೋದು ನೀನೇ ಹೇಳು. ಇದನ್ನ ತಗೊಂಡು ಹೋಗು, ಚೂರುಗಳು ಕಲಿಯೋಕಾಗುತ್ತೆ."

ಅವರು ಹೇಳಿದ್ದರಲ್ಲಿ ನ್ಯಾಯವೇ ಇತ್ತು. ನಾನಾಗಿದ್ದರೂ ನನ್ನ ಕೈಗೆ ಅಷ್ಟು ಬಟ್ಟೆ ಕೊಡುತ್ತಿದ್ದೆನೇ? ಚೀಲವನ್ನು ಎದೆಗೊತ್ತಿ ಹಿಡಿದು ಅದನ್ನೇ ಯೋಚಿಸುತ್ತ ನಿಂತೆ.

ಹಜಾರದಲ್ಲಿ ಯಾರೋ ಅಜ್ಜಿಗೆ ಕುರ್ಚಿ ತೋರಿಸಿದರು. ಅಜ್ಜಿ ಮೆತ್ತೆಯನ್ನು ನೋಡಿದರು, ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿದರು. ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕುಳಿತರು.

"ಯಾಕವ್ವ, ಮೇಲೆ ಕೂತ್ಕೋ" ಎಂದರು ದೊಡ್ಡಮ್ಮ.

"ಬೇಡ ಕನಕಾ. ಮೊಮ್ಮಗಳ ಕಣ್ಣಿನ ಮೇಲೆ ಕೂತ ಹಾಗಾಗುತ್ತೆ."

ಮಂದಾ ನನ್ನ ಬಳಿಗೆ ಓಡಿಬಂದಳು. ಕೊಡೆಯಂತೆ ಒಂದು ಸುತ್ತು ತಿರುಗಿ ತೋರಿಸಿದಳು. "ಚೆನ್ನಾಗಿದೆಯಾ ಅಕ್ಕ? ನಿನ್ನದು ಅಳತೆಗೆ ಅಂತ ಅಮ್ಮ ಹೇಳಿದ್ರು. ನಿನಗೂ ಮೊದಲೇ ಗೊತ್ತಂತಲ್ಲ?" ಪ್ರಶ್ನೆಯ ಕೊನೆಯಲ್ಲಿ ಅವಳ ದನಿ ಸ್ವಲ್ಪ ಇಳಿಯಿತು. ನಾನು ಏನು ಹೇಳುತ್ತೇನೆಂದು ಅವಳು ನಿಜವಾಗಿಯೂ ಕಾಯುತ್ತಿದ್ದಳು.

"ಹೂಂ, ಗೊತ್ತಿತ್ತು" ಎಂದೆ. "ತುಂಬ ಚೆನ್ನಾಗಿದೆ."

ಅವಳ ಮುಖ ಹಗುರಾಯಿತು.

ಫೋಟೋದವನು ಕಿಟಕಿಯ ಪಕ್ಕ ಹೂಕುಂಡದ ಎತ್ತರದ ಸ್ಟ್ಯಾಂಡೊಂದನ್ನು ಇಡಿಸಿ, ಅಮ್ಮನ ಫೋಟೋವನ್ನು ಒಮ್ಮೆ ನೋಡಿಕೊಂಡು, ಮಂದಾಳನ್ನು ನಿಲ್ಲಿಸಿದ. "ಮೊದಲು ಅವಳೊಬ್ಬಳದ್ದು ಆಗ್ಲಿ. ಆಮೇಲೆ ನಾವೆಲ್ಲ ನಿಂತ್ಕೊಳ್ಳೋಣ" ಎಂದರು ದೊಡ್ಡಮ್ಮ. ಆಮೇಲೆ ನಿಂತವರು ದೊಡ್ಡಮ್ಮ, ದೊಡ್ಡಪ್ಪ, ಅವರ ಕಡೆಯ ನೆಂಟರು. ಮಂದಾ ಒಂದು ಸಲ ತಿರುಗಿ ನನ್ನನ್ನು ಹುಡುಕಿದಳು. "ಅಲುಗಬೇಡಮ್ಮ" ಎಂದ ಫೋಟೋದವನು. ಅಷ್ಟರಲ್ಲಿ ಎಲೆ ಹಾಕಿದರು.

ಆದರೆ ಅವಳೊಬ್ಬಳ ಫೋಟೋ ತೆಗೆಯುವಾಗ ನಾನು ನೋಡುತ್ತಿದ್ದೆ. ಮಂದಾ ಅಮ್ಮನ ಹಾಗೆ ಬಲಗೈಯನ್ನು ಎತ್ತಿದಳು. ಅವನು ತಲೆಯಾಡಿಸಿದ.

"ಆ ಕೈ ಬೇಡ, ಮುಖದ ಮೇಲೆ ನೆರಳು ಬೀಳುತ್ತೆ. ಬೆಳಕು ಈ ಕಡೆಯಿಂದ ಬರ್ತಿದೆ ನೋಡು. ಎಡಗೈ ಎತ್ತು."

ಅವಳು ಎಡಗೈಯನ್ನು ಎತ್ತಿ ಸ್ಟ್ಯಾಂಡನ್ನು ಹಿಡಿದಳು. ಬುಗ್ಗೆ ತೋಳು ಮೇಲಕ್ಕೆ ಸರಿಯಿತು. ಕಂಕುಳಲ್ಲಿ ಒಂದು ಚೌಕ ತುಂಡು ಕಂಡಿತು.

ಬಟ್ಟೆ ಬೇಕಾದಷ್ಟಿತ್ತು. ಕುರ್ಚಿಗಳಿಗೆಲ್ಲ ಹೊದಿಸಿಯೂ ಮಿಗುವಷ್ಟು. ಅಲ್ಲಿ ತುಂಡು ಕೂಡಿಸುವ ಅಗತ್ಯವೇ ಇರಲಿಲ್ಲ. ಆದರೆ ಪೇಟೆಯ ಟೈಲರು ಅಳತೆ ಬಟ್ಟೆಯನ್ನು ನಂಬಿದವನು. ಅದರಲ್ಲಿ ಏನಿತ್ತೋ ಅದೇ ಹಳೇ ಕಾಲದ ಮಾದರಿಯೆಂದುಕೊಂಡು, ಬಲಕ್ಕೆ ಒಂದು, ಎಡಕ್ಕೆ ಒಂದು ಚೌಕವನ್ನು ನಿಷ್ಠೆಯಿಂದ ಕತ್ತರಿಸಿ ಕೂಡಿಸಿದ್ದ. ಎಡಗಡೆಯದನ್ನು ನನ್ನದು ಇದ್ದ ಹಾಗೆಯೇ ತಿರುಗಿಸಿ ಕೂಡಿಸಿದ್ದ.

ದೊಡ್ಡಮ್ಮ ಅದನ್ನು ಕಾಣಲಿಲ್ಲ. ಮಂದಾಳೂ ಕಾಣಲಿಲ್ಲ. ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ.

ಆ ಫೋಟೋ ಇಂದಿಗೂ ಆ ಮನೆಯ ಹಜಾರದಲ್ಲಿದೆ. ದೊಡ್ಡಮ್ಮ ಇಲ್ಲ, ಅಜ್ಜಿಯಂತೂ ಎಂದೋ ಹೋದರು. ಮಂದಾ ಮದುವೆಯಾಗಿ ದೂರದಲ್ಲಿದ್ದಾಳೆ. ನನ್ನ ಚೀಲದ ಚೂರುಗಳು ನನ್ನಲ್ಲೇ ಇವೆ; ಅವನ್ನು ಮತ್ತೆ ಕೂಡಿಸುವ ಮನಸ್ಸಾಗಲಿಲ್ಲ. ವರ್ಷಕ್ಕೊಮ್ಮೆ ಯಾವುದಾದರೂ ಕಾರ್ಯಕ್ಕೆ ಆ ಮನೆಗೆ ಹೋದಾಗ ಬಂದವರು ಫೋಟೋದ ಮುಂದೆ ನಿಂತು, ಎಂಥ ಮುಖ, ಎಂಥ ಕಣ್ಣು, ತಾಯಿಯದೇ ಅಚ್ಚು ಎನ್ನುತ್ತಾರೆ. ನಾನು ಅವರ ಹಿಂದೆ ನಿಂತು ಮುಖದಿಂದ ಸ್ವಲ್ಪ ಕೆಳಗೆ, ಎತ್ತಿದ ಎಡಗೈಯ ಬುಡವನ್ನು ನೋಡುತ್ತೇನೆ. ನೂರು ಹೂಗಳು ತೊಟ್ಟಿನ ಮೇಲೆ ನೆಟ್ಟಗೆ ನಿಂತಿವೆ. ಅವಳ ಎಡಕ್ಕೆ, ನಾನು ನಿಲ್ಲಬೇಕಾಗಿದ್ದ ಕಡೆ, ಒಂದು ಮಾತ್ರ ತಲೆಕೆಳಗಾಗಿ ಅವಳ ಮೈಗೆ ಅಂಟಿಕೊಂಡಿದೆ.