ಕಮಾನಿನ ಕೆಳಗೆ ನಿಲ್ಲುವವರು

ಬೆಳಿಗ್ಗೆಯಿಂದ ಮೇಸ್ತ್ರಿಯ ಗಂಟಲಲ್ಲಿ ಗುಟುಕು ನೀರೂ ಇಳಿದಿರಲಿಲ್ಲ. ಗ್ರಂಥಾಲಯದ ಹೊಸ ಬಾಗಿಲಿಗೆ ಅವನ ಮಗಳು ಕಟ್ಟಿದ ಕಲ್ಲಿನ ಕಮಾನಿನಡಿಯಿಂದ ಇವತ್ತು ಸೆಂಟ್ರಿಂಗ್ ಬಿಚ್ಚಬೇಕು. ಮರದ ಆ ಆಸರೆ ಹೋದ ಮೇಲೆ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ತಾವಾಗಿಯೇ ನಿಲ್ಲಬೇಕು. ನಿಲ್ಲದಿದ್ದರೆ? ಅದನ್ನು ಯೋಚಿಸುವ ಧೈರ್ಯ ಅವನಿಗಿರಲಿಲ್ಲ. ಏಕೆಂದರೆ ಆಸರೆ ಬಿಚ್ಚುವಾಗ, ಕಮಾನಿನ ನಡುನೆತ್ತಿಯ ಕೊನೆಯ ಕಲ್ಲು ಕೂರಿಸಿದವರೇ ಅದರ ಕೆಳಗೆ ನಿಂತಿರಬೇಕು ಎನ್ನುವುದು ಅವರ ಕಸುಬಿನ ಕಟ್ಟಳೆ.

ರೋಮಿನ ಕಾಲದ ಕಟ್ಟಡದವರು ಹಾಗೆ ನಿಲ್ಲುತ್ತಿದ್ದರಂತೆ. ನಿಜವೋ ಸುಳ್ಳೋ, ಅವನ ಗುರು ಹೇಳಿದ್ದ, ಗುರುವಿಗೆ ಇನ್ಯಾರೋ ಹೇಳಿದ್ದರು. ಮೇಸ್ತ್ರಿ ಕೂಡ ಹರೆಯದಲ್ಲಿ ಎದೆಯುಬ್ಬಿಸಿಕೊಂಡು ನಿಂತವನೇ. ತನ್ನ ತಲೆಗೆ ಹೆದರದವನು ಮಗಳ ತಲೆಯ ಮಾತು ಬಂದಾಗ ಹೆದರಿದ್ದ. ಎಂದೋ ಸತ್ತು ಮಣ್ಣಾದ ಮಹಾನುಭಾವರು ಕಮಾನು ಕೊಟ್ಟು ಸುಮ್ಮನೆ ಹೋಗಬಾರದಿತ್ತೇ, ಈ ಹಟವನ್ನೂ ಯಾಕೆ ತಗುಲಿಹಾಕಿ ಹೋದರು ಎಂದು ಅವನು ಮನಸ್ಸಿನಲ್ಲೇ ಬೈದುಕೊಂಡ. ಬರುವ ದಾರಿಯ ಸೇತುವೆ, ಬೀದಿಯಡಿಯ ಚರಂಡಿ, ನ್ಯಾಯಾಲಯದ ಗುಮ್ಮಟ ಎಲ್ಲವೂ ಅವರದೇ ಉಪಾಯದಿಂದ ನಿಂತಿವೆ. ಇವತ್ತು ಅವನಿಗೆ ಅವೆಲ್ಲ ಬೀಳುವ ಹಾಗೆಯೇ ಕಂಡಿದ್ದವು.

"ಕಂಬ ಗ್ರೀಕರದು, ಕಮಾನು ರೋಮಿನವರದು, ಸೋರೋ ಮಾಳಿಗೆ ಮಾತ್ರ ನಮ್ದು" ಎಂದು ಗ್ರಂಥಪಾಲಕಿ ನಕ್ಕರು. ಮೇಸ್ತ್ರಿಗೆ ನಗು ಬರಲಿಲ್ಲ. ಅವನ ಕಣ್ಣು ನೆತ್ತಿಯ ಕಲ್ಲಿನ ಪಕ್ಕದ ಸಂದಿನಲ್ಲಿ ನೆಟ್ಟಿತ್ತು. ಅಲ್ಲಿ ಕೂದಲೆಳೆಯಂಥ ಬಿರುಕು.

ಆ ಬಿರುಕು ಬಂದದ್ದು ಯಾಕೆಂದು ಅವನೊಬ್ಬನಿಗೇ ಗೊತ್ತು. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ, ಸೆಂಟ್ರಿಂಗಿನ ಕಾಲಡಿಯ ಬೆಣೆಗಳು ಸಡಿಲವಾಗಿವೆ ಅನ್ನಿಸಿ, ಒಂದೊಂದನ್ನೂ ಸುತ್ತಿಗೆಯಿಂದ ಹೊಡೆದು ಬಿಗಿದಿದ್ದ. ಗಾರೆ ಕಚ್ಚಿಕೊಂಡ ಮೇಲೆ ಬೆಣೆ ಬಿಗಿದರೆ ಮರ ಮೇಲೆದ್ದು ಕಲ್ಲನ್ನು ನೂಕುತ್ತದೆ, ಸಂದು ಬಿಡುತ್ತದೆ. ಇದು ನಿನ್ನೆ ಮೊನ್ನೆ ಕೆಲಸಕ್ಕೆ ಬಂದವರಿಗೂ ಗೊತ್ತಿರುವ ವಿಷಯ. ಆದರೆ ಭಯ ಹಿಡಿದವನಿಗೆ ಬುದ್ಧಿ ಎಲ್ಲಿರುತ್ತದೆ?

ಮಗಳು ತಲೆಗೆ ಬಟ್ಟೆ ಬಿಗಿದುಕೊಂಡು ಕಮಾನಿನ ಕೆಳಗೆ ಹೋಗಿ ನಿಂತಳು. ಕೆಲಸದವನು ಸುತ್ತಿಗೆ ಎತ್ತಿದ.

"ನಿಲ್ಸೋ!" ಮೇಸ್ತ್ರಿ ಕಿರುಚಿಕೊಂಡ. "ನೀನು ಈಚೆ ಬಾರಮ್ಮ. ನಾನು ನಿಂತ್ಕೋತೀನಿ."

"ಕಲ್ಲು ಕೂರ್ಸಿದ್ದು ನಾನು ಕಣಪ್ಪ."

"ಕೆಡ್ಸಿದ್ದು ನಾನು" ಎಂದ. ನಿನ್ನೆ ಬೆಣೆ ಬಿಗಿದದ್ದನ್ನು ಎಲ್ಲರೆದುರೇ ತೊದಲುತ್ತ ಹೇಳಿಬಿಟ್ಟ. ಇಷ್ಟು ವರ್ಷ ಗಳಿಸಿದ ಮರ್ಯಾದೆ ಅಲ್ಲೇ ಮಣ್ಣುಪಾಲಾಯಿತು ಅನ್ನಿಸಿತು, ಆದರೂ ಎದೆಯ ಭಾರ ಇಳಿಯಲಿಲ್ಲ.

ಮಗಳು ಏಣಿ ಹತ್ತಿ ಸಂದಿಗೆ ಉಗುರು ಹಾಕಿ ನೋಡಿದಳು. ಇಳಿದು ಬಂದಾಗ ಅವಳ ಮುಖ ಕೆಂಪಾಗಿತ್ತು.

"ಭಯ ಆದ್ರೆ ನನ್ಹತ್ರ ಹೇಳ್ಬೋದಿತ್ತಲ್ಲ? ಕಳ್ಳನ ಥರ ಬಂದು ಬೆಣೆ ಬಿಗಿಯೋದಾ? ನನ್ ಕೆಲಸದ ಮೇಲೆ ನಿನಗೆ ಇಷ್ಟೇನಾ ನಂಬಿಕೆ?"

ಅವಳು ಬೆಣೆಗಳನ್ನು ಮೊದಲಿದ್ದ ಮಟ್ಟಕ್ಕೆ ಇಳಿಸಿ, ನೆತ್ತಿಯ ಕಲ್ಲನ್ನು ತೆಗೆದು, ಬಿಟ್ಟ ಸಂದುಗಳನ್ನೆಲ್ಲ ಕೆರೆದು, ಹೊಸ ಗಾರೆಯಲ್ಲಿ ಮತ್ತೆ ಕೂರಿಸಿದಳು. ಅಪ್ಪನಿಗೆ ಗಾರೆಯ ಬಾಂಡ್ಲಿಯನ್ನೂ ಮುಟ್ಟಗೊಡಲಿಲ್ಲ. ಗಾರೆ ಗಟ್ಟಿಯಾಗುವವರೆಗೆ ಮನೆಯಲ್ಲಿ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಅಪ್ಪ ತಟ್ಟೆಯ ಮುಂದೆ ಕೂತು ಸೂರು ನೋಡುತ್ತಿದ್ದ.

ಮತ್ತೆ ಬಿಚ್ಚುವ ದಿನ ಬಂತು. ಮಗಳು ಅದೇ ಜಾಗದಲ್ಲಿ ನಿಂತಳು. ಕೆಲಸದವನು ಮುಂದೆ ಬಂದಾಗ ಕೈಯೆತ್ತಿ ತಡೆದಳು.

"ನೀವು ಬಿಡಿ. ಬೆಣೆ ನಮ್ಮಪ್ಪ ತೆಗೀಲಿ."

"ನನ್ನಿಂದ ಆಗಲ್ಲ ಕಣೇ, ನಿನ್ನ ದಮ್ಮಯ್ಯ" ಎಂದ ಮೇಸ್ತ್ರಿ.

"ನೀನು ತೆಗೆಯೋವರ್ಗೂ ನಾನು ಇಲ್ಲಿಂದ ಕದಲಲ್ಲ."

ಹಟದಲ್ಲಿ ಅವಳು ಅವನ ಮಗಳೇ. ಮೇಸ್ತ್ರಿ ಮಂಡಿಯೂರಿದ. ಆ ಕಡೆ ಒಂದು ಏಟು, ಈ ಕಡೆ ಒಂದು ಏಟು, ಎರಡೂ ಬದಿ ಸಮವಾಗಿ ಸಡಿಲಿಸುತ್ತ ಬಂದ. ಮರ ಬೆರಳಗಲ ತಗ್ಗಿತು. ಮೇಲೆ ಕಲ್ಲುಗಳು ಒಮ್ಮೆ ನರಳಿದವು. ಮಗಳ ತಲೆಬಟ್ಟೆಯ ಮೇಲೆ ಸಣ್ಣಗೆ ಪುಡಿ ಉದುರಿತು. ಕೊನೆಯ ಬೆಣೆಯ ಮುಂದೆ ಅವನ ಕೈ ನಿಂತುಹೋಯಿತು, ಕಣ್ಣು ಕಲ್ಲಿಗೆ ಅಂಟಿಕೊಂಡಿತು.

"ಅಪ್ಪ, ಮೇಲೆ ನೋಡ್ಬೇಡ. ನನ್ನ ನೋಡಿ ಹೊಡಿ."

ಅವನು ನೋಡಿದ. ಅವಳ ಮುಖದಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಇಷ್ಟು ದಿನ ಹೆದರಿದ್ದೆಲ್ಲ ತಾನೊಬ್ಬನೇ ಎಂದು ಆಗ ಅರ್ಥವಾಯಿತು. ಅವಳ ಮುಖ ನೋಡುತ್ತಲೇ ಹೊಡೆದ.

ಮರ ಕಳಚಿ ಕೆಳಗಿಳಿಯಿತು. ಕಮಾನು ಅಲುಗಾಡದೆ ನಿಂತಿತು. ನಿಲ್ಲಲಾಗದವನು ಮೇಸ್ತ್ರಿಯೇ. ಅಲ್ಲೇ ನೆಲದ ಮೇಲೆ ಕುಸಿದು ಕೂತು, ಜನ ನೋಡುತ್ತಿದ್ದಾರೆ ಎನ್ನುವುದನ್ನೂ ಮರೆತು, ಬಿಕ್ಕಿ ಬಿಕ್ಕಿ ಅತ್ತ. ಮಗಳು ಈಚೆ ಬಂದು, ಅವನ ಕೈಯ ಸುತ್ತಿಗೆ ಬಿಡಿಸಿಕೊಂಡು, ಪಕ್ಕದಲ್ಲಿ ಕೂತಳು.