ಸಾಲವಲ್ಲ, ಉದ್ರಿ

ಮಾಗಿಯ ಚಳಿ ಹತ್ತಿತ್ತು. ಮಾಚೇನಹಳ್ಳಿಯ ಶೆಡ್ಡುಗಳ ತಗಡಿನಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿದ್ದ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ, ಕರಿಯಣ್ಣನ ಶೆಡ್ಡು ನೋಡಲು ಬಂದಿದ್ದ ಬ್ಯಾಂಕ್ ಮ್ಯಾನೇಜರ್ ಜಗದಾಂಬಾ ಕಾಫಿ ಲೋಟ ಕೆಳಗಿಟ್ಟು, "ಈ ವರ್ಷ ನಿಮ್ಮ ಲಿಮಿಟ್ ರಿನ್ಯೂ ಆಗೋದು ಕಷ್ಟ, ಯಜಮಾನ್ರೇ" ಅಂದರು.

ಕರಿಯಣ್ಣ ನಕ್ಕುಬಿಟ್ಟ. ಗುಜರಿ ಕೊಳ್ಳಲು, ಕೂಲಿ ಕೊಡಲು ವರ್ಷವರ್ಷವೂ ಬ್ಯಾಂಕು ಬಿಡುತ್ತಿದ್ದ ದುಡ್ಡು ಅದು. ಅದಿಲ್ಲದೆ ಅವನ ಫೌಂಡ್ರಿಯಲ್ಲಿ ಒಂದು ಪಂಪಿನ ಮೈಯನ್ನೂ ಎರಕ ಹೊಯ್ಯಲು ಆಗುತ್ತಿರಲಿಲ್ಲ. ಈಯಮ್ಮ ಹೊಸಬರು, ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡ.

"ಮೇಡಂ, ನಾನು ಸಾಲ ತೀರಿಸಿದೋನು. ಫರ್ನೇಸಿನ ಸಾಲಕ್ಕೆ ಇನ್ನೂ ಮೂರು ವರ್ಷ ಟೈಮಿತ್ತು. ಒಂದೇ ಏಟಿಗೆ ಇಪ್ಪತ್ತು ಲಕ್ಷ ಕಟ್ಟಿದೀನಿ."

"ಅದರಿಂದಾನೇ ತೊಂದರೆ ಆಗಿರೋದು."

ಕರಿಯಣ್ಣ ಪಕ್ಕದಲ್ಲಿ ನಿಂತಿದ್ದ ಪ್ರಿಯದರ್ಶಿನಿಯ ಮುಖ ನೋಡಿದ. ತಮ್ಮನ ಮಗಳು, ಶಂಕರಘಟ್ಟದಲ್ಲಿ ಎಂ.ಕಾಂ. ಮಾಡಿ ಬಂದು ಎರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದಳು. ಅವಳು ತಗಡಿನ ಮಾಡು ನೋಡುತ್ತಿದ್ದಳು.

ಆದದ್ದು ಇಷ್ಟು. ಕರಿಯಣ್ಣನ ಮನೆತನದಲ್ಲಿ ಒಂದು ನಡೆ ಇತ್ತು: ಸಾಲದಲ್ಲಿರುವ ವಸ್ತುವಿಗೆ ಆಯುಧಪೂಜೆಯ ದಿನ ಕುಂಕುಮ ಇಡುವುದಿಲ್ಲ. ಅಪ್ಪ ಸಾಲದ ಎತ್ತಿಗೂ ಇಟ್ಟವನಲ್ಲ. ಎರಡು ವರ್ಷ ಕರಿಯಣ್ಣ ಸುತ್ತಿಗೆಗೆ, ಜರಡಿಗೆ, ತಕ್ಕಡಿಗೆ ಹೂವು ಮುಡಿಸಿ, ಶೆಡ್ಡಿನ ನಡುವೆ ಕೂತ ಕರೆಂಟು ಫರ್ನೇಸನ್ನು ಮಾತ್ರ ಬೋಳಾಗಿ ಬಿಟ್ಟಿದ್ದ. ಅದು ಅವನ ಎದೆಗೆ ಚುಚ್ಚುತ್ತಿತ್ತು. ಈ ಸಲ ನವರಾತ್ರಿಗೆ ಮುಂಚೆ ಪಂಪಿನ ಕಂಪನಿಯವರು ಹಳೇ ಬಿಲ್ಲುಗಳನ್ನೆಲ್ಲ ಒಟ್ಟಿಗೆ ಚುಕ್ತಾ ಮಾಡಿದರು. ಪ್ರಿಯದರ್ಶಿನಿ ಜಿ.ಎಸ್.ಟಿ. ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗಿದ್ದ ದಿನ ಅವನು ಚೆಕ್ಕು ಬರೆದು ಫರ್ನೇಸಿನ ಸಾಲಕ್ಕೆ ಹಾಕಿಬಿಟ್ಟ. ಆಗಿದ್ದ ಮ್ಯಾನೇಜರ್ ಒಳ್ಳೇ ಕೆಲಸ ಅಂತ ಕೈ ಕುಲುಕಿ ಕಳಿಸಿದರು. ಹಬ್ಬದ ದಿನ ಫರ್ನೇಸಿಗೆ ಕುಂಕುಮವಾಯಿತು, ಬೂದುಗುಂಬಳ ಒಡೆಯಿತು, ಅಕ್ಕಪಕ್ಕದ ಶೆಡ್ಡಿಗೆಲ್ಲ ಮೈಸೂರುಪಾಕು ಹೋಯಿತು.

ಜಗದಾಂಬಾ ತಾಳ್ಮೆಯಿಂದಲೇ ಹೇಳಿದರು. "ಒಂದು ವರ್ಷದೊಳಗೆ ನಿಮ್ಮ ಕೈಗೆ ಬರೋದು ಎಷ್ಟು, ಒಂದು ವರ್ಷದೊಳಗೆ ನೀವು ಕೊಡಬೇಕಾದ್ದು ಎಷ್ಟು, ಅದನ್ನ ಭಾಗಿಸಿ ನೋಡ್ತೀವಿ. ಕರೆಂಟ್ ರೇಶಿಯೋ ಅಂತ. ಕೊಡೋದು ಒಂದು ರೂಪಾಯಿ ಇದ್ರೆ ಬರೋದು ಒಂದೂ ಕಾಲಿನ ಮೇಲಿರಬೇಕು. ನಿಮ್ಮದು ಒಂದು ನಲವತ್ತಿತ್ತು, ಚೆನ್ನಾಗಿತ್ತು. ಈಗ ತೊಂಬತ್ತು ಪೈಸೆ."

"ಸಾಲ ಇದ್ದಾಗ ಚೆನ್ನಾಗಿತ್ತು, ಸಾಲ ತೀರಿಸಿದ ಮೇಲೆ ಕೆಟ್ಟೋಯ್ತು?"

"ಹೌದು. ಗುಜರಿಗೆ ಇರಬೇಕಾದ ದುಡ್ಡನ್ನ ಮುಂದಿನ ವರ್ಷಗಳ ಸಾಲಕ್ಕೆ ಹಾಕಿಬಿಟ್ರಿ."

"ಇದ್ಯಾವ ಸೀಮೆ ಲೆಕ್ಕ ಮೇಡಂ!"

"ಅದೇ ಫರ್ನೇಸ್ ಮೇಲೆ ಮತ್ತೆ ಐದು ವರ್ಷದ ಸಾಲ ತಗೊಳ್ಳಿ. ಆ ದುಡ್ಡು ಗುಜರಿಗೆ ಬರುತ್ತೆ, ರೇಶಿಯೋ ಸರಿ ಹೋಗುತ್ತೆ, ನಾನು ಲಿಮಿಟ್ ಕಳಿಸ್ತೀನಿ. ಇವತ್ತು ಸೈನ್ ಹಾಕಿದ್ರೆ ಮುಂದಿನ ವಾರದೊಳಗೆ ಆಗುತ್ತೆ."

ಕರಿಯಣ್ಣ ಎದ್ದು ನಿಂತ. ಕುಂಕುಮ ಇಟ್ಟ ಕೈಯಲ್ಲೇ ಅದನ್ನು ಅಡ ಇಡುವುದೇ? "ಯೋಚನೆ ಮಾಡ್ತೀನಿ" ಅಂದ.

ಯೋಚನೆ ವಾರಗಟ್ಟಲೆ ನಡೆಯಿತು. ಶೆಡ್ಡು ನಿಲ್ಲಬಾರದೆಂದು ಅವನು ಭದ್ರಾವತಿಯ ಹೊಸಮನೆಯ ಗುಜರಿ ವ್ಯಾಪಾರಿ ಗಣೇಶನಿಂದ ಎರಡು ಲೋಡು ತರಿಸಿದ. ಪ್ರಿಯದರ್ಶಿನಿ ಬಿಲ್ಲು ನೋಡಿ ಪೆನ್ನು ಮೇಜಿನ ಮೇಲೆ ಎಸೆದಳು.

"ದೊಡ್ಡಪ್ಪ, ಇವನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಹಾಕಿದಾನೆ. ವರ್ಷಕ್ಕೆ ಇಪ್ಪತ್ನಾಲ್ಕು. ಬ್ಯಾಂಕಿಂದು ಹನ್ನೊಂದಿತ್ತು. ಹನ್ನೊಂದರ ಸಾಲ ತೀರಿಸಿ ಇಪ್ಪತ್ನಾಲ್ಕರ ಸಾಲ ತಂದ್ರಲ್ಲ!"

"ಇದು ಸಾಲ ಅಲ್ಲ ಮಾರಾಯ್ತಿ. ಉದ್ರಿ."

"ಎರಡಕ್ಕೂ ಏನು ವ್ಯತ್ಯಾಸ?"

"ಸಾಲಕ್ಕೆ ಸೈನ್ ಹಾಕ್ತಾರೆ. ಇದು ಬಾಯಿಮಾತು."

ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ, "ಹದಿನೈದನೇ ತಾರೀಕು ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು. ಈ ಸಲ ಜಾಸ್ತಿ ಬರುತ್ತೆ" ಅಂದಳು.

"ಯಾಕೆ? ಕೈಯಲ್ಲಿ ಕಾಸಿಲ್ಲ, ತೆರಿಗೆ ಜಾಸ್ತಿಯಾ?"

"ಬಡ್ಡಿ ಕಟ್ಟಿದ್ರೆ ಅದು ಖರ್ಚು, ಲಾಭದಲ್ಲಿ ಕಳೀತಿತ್ತು. ಈಗ ಆ ಬಡ್ಡಿ ಇಲ್ಲ. ಅಸಲು ಕಟ್ಟಿದ್ದು ಖರ್ಚಲ್ಲ."

"ಇಪ್ಪತ್ತು ಲಕ್ಷ ಕೊಟ್ಟಿದೀನಿ ಕಣೇ! ಖರ್ಚಲ್ಲದೆ ಅದೇನು, ಮುಯ್ಯಿ ಮಾಡಿದ್ದಾ?"

"ಲಾಭ ಇದೆ ದೊಡ್ಡಪ್ಪ. ದುಡ್ಡಿಲ್ಲ."

"ಹಂಗಾದ್ರೆ ಆ ಲಾಭ ಎಲ್ಲಿ ಕೂತಿದೆ, ತೋರ್ಸು. ಕೈ ಹಿಡಿದು ಎಳ್ಕೊಂಡು ಬರ್ತೀನಿ."

ಅವಳು ಫರ್ನೇಸಿನ ಕಡೆ ಬೆರಳು ತೋರಿಸಿದಳು. ಕರಿಯಣ್ಣನಿಗೆ ಕೋಪ ಬಂತು. ಅವಳ ಮೇಲೋ, ಫರ್ನೇಸಿನ ಮೇಲೋ ತಿಳಿಯಲಿಲ್ಲ.

ಮೂರನೇ ಲೋಡಿಗೆ ಗಣೇಶ ಫೋನು ಎತ್ತಲಿಲ್ಲ. ಫರ್ನೇಸು ತಣ್ಣಗಾಯಿತು.

ಫರ್ನೇಸು ತಣ್ಣಗಾದರೆ ಮೊದಲು ಹೊಟ್ಟೆ ತಣ್ಣಗಾಗುವುದು ಅಚ್ಚು ಕಟ್ಟುವವನದು. ಮುರುಗೇಶ ಭದ್ರಾವತಿಯ ತಮಿಳು ಮನೆಯವನು. ಇಬ್ಬರೂ ಹುಡುಗರಾಗಿದ್ದಾಗ ಅಲ್ಲಿನ ಕಾರ್ಖಾನೆಯಲ್ಲಿ ಕಂಟ್ರಾಕ್ಟಿನ ಮೇಲೆ ಒಟ್ಟಿಗೆ ಮರಳು ಹೊತ್ತವರು. ಕರಿಯಣ್ಣ ಶೆಡ್ಡು ಹಾಕಿದ ದಿನ ಮುರುಗೇಶ ಅವನ ಜತೆ ಬಂದ. ಎರಕವಾದ ತೂಕದ ಮೇಲೆ ಅವನಿಗೆ ಕೂಲಿ. ಕಬ್ಬಿಣ ಕರಗದಿದ್ದರೆ ಸೊನ್ನೆ. ಅವನು ಕಟ್ಟಿದ ಅಚ್ಚಿನಿಂದ ಬಂದ ಪಂಪಿಗೆ ಅರ ಹಚ್ಚುವ ಕೆಲಸವೇ ಕಡಿಮೆ. ಕರಿಯಣ್ಣನ ಹೆಸರಿಗೆ ಬರುತ್ತಿದ್ದ ಆರ್ಡರುಗಳು ನಿಜಕ್ಕೂ ಬರುತ್ತಿದ್ದದ್ದು ಮುರುಗೇಶನ ಕೈಗೆ. ಅವನು ಎದ್ದು ಹೋದರೆ ಲಿಮಿಟ್ ಇದ್ದೂ ಪ್ರಯೋಜನವಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಆಡಿದವರಲ್ಲ.

"ಮುದಲಾಳಿ, ಈ ವಾರ ಹಚ್ತೀರಾ?" ಅವನು ದಿನಾ ಬಂದು ಕೇಳುತ್ತಿದ್ದ. ಧಣಿಯನ್ನು ಅವನು ಕರೆಯುತ್ತಿದ್ದದ್ದು ಹಾಗೆ.

"ನೋಡಾಣ."

"ಆಚೆ ಶೆಡ್ಡಿನೋರು ಕರೀತಾವ್ರೆ. ನಾನು ಮುದಲಾಳೀನ ಕೇಳ್ದೆ ಬರಲ್ಲ ಅಂದಿವ್ನಿ."

"ನೋಡಾಣಪ್ಪ, ನೋಡಾಣ."

ಮನೆಯಲ್ಲಿ ಹೆಂಡತಿ ಸುವರ್ಣಮ್ಮ ಅನ್ನ ಬಡಿಸುತ್ತ ಅಂದಳು, "ಆ ಮುರುಗೇಶನ ಹೆಂಡ್ತಿ ಅಂಗಡೀಲಿ ಅರ್ಧ ಲೀಟರು ಎಣ್ಣೆ ಬರೆಸ್ತಿದ್ಳು. ಅದೂ ಉದ್ರೀನೇ ಇರ್ಬೇಕು."

ಕರಿಯಣ್ಣ ಅರ್ಧ ಊಟಕ್ಕೇ ಕೈ ತೊಳೆದ.

ಮಾರನೇ ಸೋಮವಾರ ಯಾರಿಗೂ ಹೇಳದೆ ಬ್ಯಾಂಕಿಗೆ ಹೋಗಿ ಸಹಿ ಹಾಕಿದ. ಹಾಳೆ ತಿರುಗಿಸಿದಷ್ಟೂ ಸಹಿ. "ಇಲ್ಲೊಂದು, ಇಲ್ಲೊಂದು" ಎಂದು ಗುಮಾಸ್ತೆ ತೋರಿಸುತ್ತ ಹೋದಳು. ಪೆನ್ನು ಹಾಳೆ ಹರಿಯುವ ಹಾಗೆ ಒತ್ತಿದ. "ಮೇಲಿಂದ ಶುಕ್ರವಾರದ ಹೊತ್ತಿಗೆ ಬರುತ್ತೆ" ಅಂದರು ಜಗದಾಂಬಾ. "ಒಳ್ಳೇ ಕೆಲಸ ಮಾಡಿದ್ರಿ."

ಒಳ್ಳೇ ಕೆಲಸ! ತೀರಿಸಿದಾಗಲೂ ಒಬ್ಬರು ಹೀಗೇ ಅಂದಿದ್ದರು.

ಬುಧವಾರ ಮುರುಗೇಶ ಮತ್ತೆ ಬಂದ. ಈ ಸಲ ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. "ಮುದಲಾಳಿ, ಒಂದ್ ಮಾತು ಹೇಳಿ. ಮುಂದಿನ ವಾರ ಆಗತ್ತೆ ಅನ್ನಿ, ಕಾಯ್ತೀನಿ. ಆಗಲ್ಲ ಅನ್ನಿ, ಬೇಜಾರಿಲ್ಲ."

ಶುಕ್ರವಾರ ಆಗುತ್ತೆ ಅನ್ನಬೇಕಿತ್ತು. ಆದರೆ ಹೇಗೆ ಅಂತ ಅವನು ಕೇಳುತ್ತಾನೆ. ಕುಂಬಳಕಾಯಿ ಒಡೆದವನು ಅವನೇ. ಶೆಡ್ಡು ಶೆಡ್ಡಿಗೂ ಪೊಟ್ಟಣ ಹಂಚಿ, ನಮ್ಮ ಮುದಲಾಳಿಗೆ ಒಂದು ಪೈಸೆ ಸಾಲ ಇಲ್ಲ ಎಂದು ಸಾರಿ ಬಂದವನೂ ಅವನೇ.

"ನೋಡಾಣ" ಅಂದ ಕರಿಯಣ್ಣ.

ಮುರುಗೇಶ ತಲೆಯಾಡಿಸಿದ. ಸಂಜೆಯ ತನಕ ಅವನು ಮರಳಿನ ಕಡೆ ಅಚ್ಚು ಕಟ್ಟುತ್ತಿದ್ದ ಸದ್ದು ಕೇಳಿತು.

ಶುಕ್ರವಾರ ಮಧ್ಯಾಹ್ನ ಪ್ರಿಯದರ್ಶಿನಿ ಮೊಬೈಲು ಹಿಡಿದು ಓಡಿಬಂದಳು. "ದೊಡ್ಡಪ್ಪ, ಬಂತು! ಲೋನೂ ಬಂತು, ಲಿಮಿಟ್ಟೂ ಆಯ್ತು. ರೇಶಿಯೋ ಮತ್ತೆ ಒಂದು ನಲವತ್ತು! ಸೈನ್ ಹಾಕಿದ್ದು ನನಗಾದ್ರೂ ಹೇಳಬಾರದಿತ್ತಾ?"

ಕರಿಯಣ್ಣ ಮರಳಿನ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ಅವನ ಮುಂದೆ ಸಾಲಾಗಿ ಆರು ಅಚ್ಚು, ಕಬ್ಬಿಣ ಬಂದರೆ ಹೊಯ್ಯಲು ಸಿದ್ಧವಾಗಿ, ಗೋಣಿ ಹೊದ್ದು ಕೂತಿದ್ದವು. ಒದ್ದೆ ಮಾಡಿ ಹೊದಿಸಿದ್ದ ಗೋಣಿ ಒಣಗಿ ಬಿಗಿದಿತ್ತು. ಒಂದನ್ನು ಎತ್ತಿ ಅಚ್ಚಿನ ಅಂಚಿಗೆ ಬೆರಳು ತಾಗಿಸಿದ. ಮರಳು ಸದ್ದಿಲ್ಲದೆ ಕುಸಿದು ಒಳಗೆ ಬಿತ್ತು.

ಮುರುಗೇಶ ಆಚೆ ಶೆಡ್ಡಿಗೆ ಹೋದದ್ದು ಗುರುವಾರ.