ಮೈಕಮ್ಮನಿಗೆ ಹಾಕಿದ ಷರತ್ತು

ನನ್ನ ಮಗನಿಗೆ ಶಾಲೆ ಹುಡುಕಿದ ಕಥೆಯನ್ನು ಯಾರು ಕೇಳಿದರೂ ನಾನು ಮೈಕಮ್ಮನಿಂದಲೇ ಶುರು ಮಾಡುತ್ತೇನೆ. ಅದು ಅವಳ ಹೆತ್ತವರು ಇಟ್ಟ ಹೆಸರಲ್ಲ, ನಾನಿಟ್ಟದ್ದು. ನಮ್ಮ ಊರಿನ ದೊಡ್ಡ ಶಾಲೆಯ ದೊಡ್ಡ ಮೇಡಂ ಅವಳು. ಊಟದ ಗಂಟೆ ಹೊಡೆದಿದೆ ಎಂದು ಹೇಳುವುದಕ್ಕೂ ಅವಳಿಗೆ ಮೈಕು ಬೇಕಿತ್ತು.

ಮಗ ಆಗ ಮನೆಯಲ್ಲಿ ಚಿನಕುರುಳಿ. ಹಲ್ಲುಜ್ಜುವಾಗಲೂ ಬಾಯಿ ಮುಚ್ಚುತ್ತಿರಲಿಲ್ಲ. ಶಾಲೆಯ ಬಾಗಿಲು ದಾಟಿದನೆಂದರೆ ಮಾತ್ರ ಬಾಯಿಗೆ ಬೀಗ. ಡಾಕ್ಟರು, "ಭಯ ಅಷ್ಟೇ ಕಣಮ್ಮ. ಕೆಲವು ಮಕ್ಕಳಿಗೆ ಹೀಗಾಗುತ್ತೆ. ಒತ್ತಾಯ ಮಾಡ್ಬೇಡಿ, ತಾನಾಗೇ ಸರಿಹೋಗುತ್ತೆ" ಎಂದಿದ್ದರು. ಅದನ್ನೇ ಹೋಗಿ ಮೈಕಮ್ಮನಿಗೆ ಹೇಳಿದೆ. ಅವಳು ನಕ್ಕು, "ಇಂಥದಕ್ಕೆಲ್ಲ ನಮ್ಮತ್ರ ಮದ್ದಿದೆ ಬಿಡಿ" ಎಂದಳು.

ಆ ಮದ್ದು ಏನೆಂದು ಶಾಲೆಯ ವರ್ಷದ ಕಾರ್ಯಕ್ರಮದಲ್ಲಿ ಗೊತ್ತಾಯಿತು. ಸಭಾಂಗಣದ ತುಂಬ ಜನ. ಮಕ್ಕಳೆಲ್ಲ ವೇದಿಕೆಯ ಮೇಲೆ ಸಾಲಾಗಿ ನಿಂತು ಹೆಸರು ಹೇಳುತ್ತಿದ್ದರು. ನನ್ನ ಮಗನ ಸರದಿ ಬಂದಾಗ ಅವಳು ಅವನನ್ನು ಮುಂದಕ್ಕೆ ಎಳೆದು, ಮೈಕನ್ನು ಅವನ ತುಟಿಗೆ ಒತ್ತಿ, "ಹೆಸರು ಹೇಳು. ಹೇಳಿದ್ರೆ ಮಾತ್ರ ಅಮ್ಮನ ಹತ್ರ ಬಿಡೋದು" ಎಂದಳು. ಐದು ವರ್ಷದ ಕೂಸು. ಅದರ ಉಸಿರಾಟ ಮೈಕಿನಲ್ಲಿ ಇಡೀ ಸಭಾಂಗಣಕ್ಕೆ ಕೇಳಿಸಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಜನ ನಕ್ಕರು. ಆಮೇಲೆ ಅವನ ಚಡ್ಡಿ ಒದ್ದೆಯಾಯಿತು, ಜನ ಇನ್ನೂ ಜೋರಾಗಿ ನಕ್ಕರು. ನಾನು ಕುರ್ಚಿಗಳ ಮೇಲೆ ಹಾದು ವೇದಿಕೆ ಹತ್ತಿ ಅವನನ್ನು ಎತ್ತಿಕೊಂಡು ಬಂದೆ.

ಮರುದಿನ ಅವಳು ನನ್ನನ್ನೇ ಕರೆಸಿ, "ಇಂಥ ಮಗು ನಮ್ಮ ಶಾಲೆಗೆ ಹೊಂದಲ್ಲಮ್ಮ. ಪಕ್ಕದಲ್ಲಿ ಕೂತವೂ ಕೆಡ್ತಾವೆ" ಎಂದಳು. ಅಂದಿನಿಂದ ಮಗ ಮನೆಯಲ್ಲೂ ಮಾತು ಬಿಟ್ಟ. ನೀರು ಬೇಕಾದರೆ ಲೋಟ ತಂದು ನನ್ನ ಮುಂದೆ ಹಿಡಿಯುತ್ತಿದ್ದ. ಆ ಲೋಟ ತುಂಬಿಸುವಾಗಲೆಲ್ಲ ಮೈಕಮ್ಮನ ವಂಶಕ್ಕೆಲ್ಲ ಶಾಪ ಹಾಕಿದ್ದೇನೆ. ಒಂದನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ನಾನು ಹಾಸಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಂದವರಿಗೆ "ಮಲಗಿ ನೋಡಿ" ಎನ್ನುವುದೇ ನನ್ನ ಉದ್ಯೋಗ. ಮಲಗುವ ರೀತಿಯಲ್ಲೇ ಜನರ ಜಾತಕ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಹರಿದೀತೆಂದು ಅಂಚಿನಲ್ಲಿ ಕೂರುವವರು ಕೊಂಡೇ ಹೋಗುತ್ತಾರೆ. ಶೂ ಸಮೇತ ಕಾಲು ಚಾಚಿ ಗೊರಕೆ ಹೊಡೆಯುವವರು "ನೋಡೋಣ" ಎಂದು ಎದ್ದು ಹೋಗುತ್ತಾರೆ. ಶಾಲೆಗಳನ್ನೂ ಅದೇ ಕಣ್ಣಿನಲ್ಲಿ ನೋಡತೊಡಗಿದೆ. ಒಂದು ಶಾಲೆಯಲ್ಲಿ ಮೀನಿನ ತೊಟ್ಟಿ ತರಗತಿಗಿಂತ ದೊಡ್ಡದಿತ್ತು. ಇನ್ನೊಂದರಲ್ಲಿ ಈಜುಕೊಳ, ಸಂಗೀತದ ಕೋಣೆ, ಕಂಪ್ಯೂಟರ್ ಕೋಣೆ ಎಲ್ಲ ತೋರಿಸಿದರು. "ಮಕ್ಕಳೆಲ್ಲಿ?" ಎಂದೆ. "ಒಳಗಿದಾರೆ, ನಮ್ಮ ಮಕ್ಕಳು ಸದ್ದೇ ಮಾಡಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಅಲ್ಲಿಂದ ಓಡಿಬಂದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದ ನನ್ನ ಗಂಡ. ಹಾಸಿಗೆ ಮಾರುವವಳಿಗೇ ಆ ಗಾದೆ ಹೇಳುವ ಧೈರ್ಯ ಅವನಿಗೆ ಒಂದೇ ಬಾರಿ ಬಂದದ್ದು.

ಕೊನೆಗೆ ಸಿಕ್ಕಿದ್ದು ಒಂದು ಹಳೆಯ ಮನೆಯಲ್ಲಿ ನಡೆಯುವ ಪುಟ್ಟ ಶಾಲೆ. ಅಡುಗೆಮನೆಯಲ್ಲಿ ಒಂದು ತರಗತಿ, ಮಲಗುವ ಕೋಣೆಯಲ್ಲಿ ಒಂದು, ಪಡಸಾಲೆಯಲ್ಲಿ ಇನ್ನೊಂದು. ನಡೆಸುವವಳನ್ನು ಮಕ್ಕಳೂ ದೊಡ್ಡವರೂ ಟೀಚರಕ್ಕ ಎಂದೇ ಕರೆಯುತ್ತಾರೆ. ಅವಳು ನನ್ನ ಮಗನನ್ನು ಏನೂ ಕೇಳಲಿಲ್ಲ. ನನ್ನ ಕೈಗೆ ಪೊರಕೆ ಕೊಟ್ಟು, "ಇವನು ಇಲ್ಲೇ ಆಡ್ಕೊಂಡಿರ್ಲಿ, ನೀವು ಆ ಕೋಣೆ ಗುಡಿಸಿ" ಎಂದಳು. ಆಯಾ, ಜವಾನ ಯಾರೂ ಇರಲಿಲ್ಲ. ಗುಡಿಸುವುದು, ಒರೆಸುವುದು, ಗೇಟು ಕಾಯುವುದು ಎಲ್ಲವನ್ನೂ ತಂದೆತಾಯಂದಿರೇ ಸರದಿಯಲ್ಲಿ ಮಾಡಬೇಕು.

ಇನ್ನೊಂದು ನಿಯಮವೂ ಇತ್ತು. ಹೊಸ ಮಗು ಸೇರಬೇಕಾದರೆ ಇರುವ ಎಲ್ಲ ಮನೆಯವರೂ ಹೂಂ ಅನ್ನಬೇಕು. ಒಂದು ಮನೆ ಉಹೂಂ ಅಂದರೂ ಮಗುವಿಗೆ ಜಾಗವಿಲ್ಲ. ಆದರೆ ಉಹೂಂ ಅನ್ನುವವರು ಬಂದವರ ಮುಖ ನೋಡಿ, ಎಲ್ಲರೆದುರು ಕಾರಣ ಹೇಳಬೇಕು. "ಇಷ್ಟು ಚಿಕ್ಕ ಮನೇಲಿ ಬೆನ್ನ ಹಿಂದೆ ಮಾತಾಡ್ಕೊಂಡು ಬದುಕೋಕಾಗಲ್ಲ" ಎನ್ನುತ್ತಿದ್ದಳು ಟೀಚರಕ್ಕ. ನಮಗೆ ಎಲ್ಲರೂ ಹೂಂ ಅಂದರು. ಹಳೆಯ ಶಾಲೆಯ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಲ್ಲಿ ನನ್ನ ಮಗ ಬರಿಯ ಹೊಸ ಹುಡುಗನಾಗಿದ್ದ. ಅದೇ ನನಗೆ ಬೇಕಾಗಿತ್ತು.

ಮುಂದಿನ ಮಳೆಗಾಲ ಬರುವಷ್ಟರಲ್ಲಿ ಅವನು ಬಾಯಿ ಬಿಟ್ಟ. ಅಂದು ನಾನು ಅಡುಗೆಮನೆಯ ನೆಲ ಒರೆಸುತ್ತಿದ್ದೆ. ಕಿಟಕಿಯ ಆಚೆಯಿಂದ, "ಏ, ಅದು ನನ್ನ ಚಪ್ಪಲಿ ಕಣೋ" ಎಂದದ್ದು ಕೇಳಿಸಿತು. ಒದ್ದೆ ನೆಲದ ಮೇಲೇ ಕುಳಿತು ಅತ್ತೆ. ಹೆತ್ತ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ. ಈಗ ಅವನು ಮತ್ತೆ ಚಿನಕುರುಳಿ, ಸ್ವಲ್ಪ ಸುಮ್ಮನಿರಪ್ಪ ಎಂದು ಬೇಡಿಕೊಳ್ಳುವ ಹಾಗಾಗಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಗೇಟಿನ ಮುಂದೆ ಮೈಕಮ್ಮ ಬಂದು ನಿಂತಳು. ಕೈಯಲ್ಲಿ ಮೈಕಿರಲಿಲ್ಲ, ಆರು ವರ್ಷದ ಮೊಮ್ಮಗಳಿದ್ದಳು. ಕೂದಲು ಪೂರ್ತಿ ನೆರೆತಿತ್ತು, ಕಿವಿ ಮಂದವಾಗಿತ್ತು. ಅವಳ ಮಗ, ಸೊಸೆ ಬೇರೆಯಾಗಿ ಎರಡು ವರ್ಷವಾಗಿತ್ತಂತೆ. ಮಗು ಅಜ್ಜಿಯ ಪಾಲಿಗೆ ಬಂದಿತ್ತು, ಅಂದಿನಿಂದ ಯಾರ ಹತ್ತಿರವೂ ಒಂದು ಮಾತೂ ಆಡಿಲ್ಲವಂತೆ. ಅವಳೇ ಆಳಿದ ಶಾಲೆಯ ಹೊಸ ಮೇಡಂ, ಇಂಥ ಮಗು ಹೊಂದುವುದಿಲ್ಲ ಎಂದು ವಾಪಸು ಕಳಿಸಿದಳಂತೆ. ಟೀಚರಕ್ಕನಿಗೆ ಅವಳು ಇದನ್ನೆಲ್ಲ ಹೇಳುತ್ತಿದ್ದಾಗ ನಾನು ಪಕ್ಕದ ಕೋಣೆಯಲ್ಲಿ ಪೊರಕೆ ಹಿಡಿದು ನಿಂತಿದ್ದೆ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ. ಹಾಲು ಕುಡಿದಷ್ಟು ಸಂತೋಷವಾಯಿತು. ಹೊರಗೆ ಬಂದವಳು ನನ್ನನ್ನು ಕಂಡು ತಟ್ಟನೆ ನಿಂತಳು. ಗುರುತು ಹತ್ತಿತ್ತು.

ಹೂಂ, ಉಹೂಂ ಹೇಳುವ ಸಭೆ ಒಂದು ವಾರದ ಮೇಲಿತ್ತು. ಅಲ್ಲಿಯ ತನಕ ಆ ಹುಡುಗಿ ಪಡಸಾಲೆಯ ಮೂಲೆಯಲ್ಲಿ ಕುಳಿತು ಎಲ್ಲರನ್ನೂ ನೋಡುತ್ತಿತ್ತು. ಆ ವಾರವೆಲ್ಲ ನಾನು ಅಂಗಡಿಯಲ್ಲಿ ಯಾರೂ ಇಲ್ಲದಾಗ ಖಾಲಿ ಹಾಸಿಗೆಗಳ ಮುಂದೆ ನಿಂತು ಅಭ್ಯಾಸ ಮಾಡಿದೆ. "ಇಂಥ ಮಗು ನಮ್ಮ ಶಾಲೆಗೆ ಹೊಂದಲ್ಲಮ್ಮ." ಅವಳ ಮಾತು, ಅವಳದೇ ಧಾಟಿ.

ಮನೆಯಲ್ಲಿ ಗಂಡ, "ಹೋಗ್ಲಿ ಬಿಡು" ಎಂದ. ಅವನಿಗೆ ಬರುವ ಮಂತ್ರ ಅದೊಂದೇ. ನಾನು ಉರಿದುಬಿದ್ದೆ. ಆಗ ಅವನು ಮೆಲ್ಲಗೆ ಹೇಳಿದ: "ನೀನು ಉಹೂಂ ಅಂದ್ರೆ ಕಾರಣ ಹೇಳ್ಬೇಕು. ಕಾರಣ ಹೇಳಿದ್ರೆ ಮಗನ ಚಡ್ಡಿ ಕಥೆ ಎಲ್ಲರ ಮನೇಲೂ ಗೊತ್ತಾಗುತ್ತೆ. ನಾಳೆ ಮಕ್ಕಳ ಬಾಯಿಗೆ ಬರುತ್ತೆ. ಅವನು ಮತ್ತೆ ಬಾಯಿ ಮುಚ್ಚಿದ್ರೆ ಏನ್ಮಾಡ್ತೀಯಾ?"

ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು. ಇಡೀ ದಿನ ಯೋಚಿಸಿ, ಶಾಲೆಯಲ್ಲಿ ಜಾಗ ಸಾಲದು ಎಂಬ ಸಪ್ಪೆ ಕಾರಣವನ್ನೇ ಹೇಳುವುದೆಂದು ತೀರ್ಮಾನಿಸಿದೆ. ಸೇಡು ಸಪ್ಪೆಯಾದರೂ ಸೇಡೇ.

ಸಭೆಗೆ ಎಲ್ಲರೂ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕುಳಿತಿದ್ದೆವು. ಟೀಚರಕ್ಕ ಮಾತು ಶುರು ಮಾಡುವ ಮೊದಲೇ ಮೈಕಮ್ಮ ಎದ್ದು ನಿಂತಳು.

"ನಿಮ್ಮಲ್ಲಿ ಒಬ್ರು ಬೇಡ ಅಂತಾರೆ. ಅವರು ಅನ್ನೋದು ನ್ಯಾಯ" ಎಂದು ನನ್ನತ್ತ ಕೈ ತೋರಿಸಿದಳು. "ಅವರ ಮಗನಿಗೆ ನಾನು ಅನ್ಯಾಯ ಮಾಡಿದೀನಿ."

ಆಮೇಲೆ ಎಲ್ಲವನ್ನೂ ಹೇಳಿದಳು. ಮೈಕು, ಉಸಿರಾಟ, ಜನರ ನಗು, ಒದ್ದೆ ಚಡ್ಡಿ, ಒಂದನ್ನೂ ಬಿಡಲಿಲ್ಲ. ಮೈಕಿಲ್ಲದೆಯೂ ಅವಳ ದನಿ ಹಿಂದಿನ ಗೋಡೆಗೆ ತಾಗುತ್ತಿತ್ತು. ಎಲ್ಲಿ ಗಂಟಲು ಕಟ್ಟಬೇಕೋ ಅಲ್ಲಿ ಸರಿಯಾಗಿ ಕಟ್ಟಿತು. ನನ್ನೆದುರಿಗೆ ಕೂತಿದ್ದ ಒಂದು ಮಗುವಿನ ಅಪ್ಪ, ಬೇಕರಿ ನಡೆಸುವವನು, ಕಣ್ಣೊರೆಸಿಕೊಂಡ. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು, ಅಯ್ಯೋ ಪಾಪ ಎನ್ನುವ ಮುಖ, ಕ್ಷಮಿಸಿಬಿಡು ತಾಯಿ ಎನ್ನುವ ಮುಖ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ನನಗೆ. ನಾನು ಹಲ್ಲು ಕಚ್ಚಿ ಮುಚ್ಚಿಟ್ಟದ್ದನ್ನು ಅವಳು ಬಿಚ್ಚಿ, ಅದರ ಮೇಲೇ ನಿಂತು ದೊಡ್ಡವಳಾಗಿಬಿಟ್ಟಿದ್ದಳು.

ನಾನು ಎದ್ದೆ.

"ತಪ್ಪಾಯ್ತು ಅನ್ನೋಕೆ ನಮ್ಮನೆ ವಿಳಾಸ ನಿಮ್ಮತ್ರ ಇತ್ತು. ಎರಡು ವರ್ಷ ಇತ್ತು, ಬರ್ಲಿಲ್ಲ. ಇವತ್ತು ನಿಮಗೆ ಬೇಕಾಯ್ತು. ನನ್ನ ಒಂದು ಮಾತು ಕೇಳ್ದೆ, ಇಷ್ಟು ಜನರ ಮುಂದೆ ನನ್ನ ಮಗನ ಚಡ್ಡಿ ಇನ್ನೊಂದ್ಸಲ ಒದ್ದೆ ಮಾಡಿದ್ರಿ."

ಬೇಕರಿಯವನು ತಲೆ ತಗ್ಗಿಸಿದ. ಆ ಗಳಿಗೆಯಲ್ಲಿ ಉಹೂಂ ಎಂದಿದ್ದರೆ ನಡೆದುಹೋಗುತ್ತಿತ್ತು. ಆದರೆ ಅವಳು ಕಣ್ಣೊರೆಸಿಕೊಂಡು ಹೊರಟುಹೋಗುತ್ತಿದ್ದಳು, ಕೆಟ್ಟವಳು ನಾನಾಗುತ್ತಿದ್ದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಮಗು ಬರ್ಲಿ, ಮಗೂದೇನೂ ತಪ್ಪಿಲ್ಲ" ಎಂದೆ. "ಆದ್ರೆ ನೀವು ಈ ಗೇಟಿನೊಳಗೆ ಕಾಲಿಡಬಾರ್ದು. ಆಟ, ನಾಟಕ, ಸಭೆ ಯಾವುದಕ್ಕೂ ಬರ್ಬಾರ್ದು. ಮಗೂ ವಿಷಯ ಏನೇ ಇದ್ರೂ ಗೇಟಿನ ಹೊರಗೆ ನಿಂತು ನನ್ನನ್ನೇ ಕೇಳ್ಬೇಕು, ಬೇರೆ ಯಾರನ್ನೂ ಅಲ್ಲ. ಒಪ್ಪಿದ್ರೆ ಹೂಂ ಅಂತೀನಿ."

"ಈ ಥರ ಷರತ್ತೆಲ್ಲ ನಮ್ಮಲ್ಲಿಲ್ಲ ಕಣೇ" ಎಂದಳು ಟೀಚರಕ್ಕ.

"ಒಪ್ಪಿದೆ" ಎಂದಳು ಮೈಕಮ್ಮ. ಅಷ್ಟು ಸಣ್ಣ ದನಿ ಅವಳಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಅವತ್ತಿನಿಂದ ಬೆಳಗಿನ ಗೇಟು ಕಾಯುವ ಕೆಲಸವನ್ನು ನಾನೇ ವಹಿಸಿಕೊಂಡೆ. ಬೇರೆಯವರ ಸರದಿಯನ್ನೂ ಕೇಳಿ ಪಡೆದುಕೊಂಡೆ, ಯಾರು ಬೇಡ ಅನ್ನುತ್ತಾರೆ! ದಿನವೂ ಅವಳು ಮಗುವನ್ನು ಕರೆತಂದು, ಕಂಬಿಯ ಆಚೆ ನಿಂತು ಅದರ ಕೈಯನ್ನು ನನ್ನ ಕೈಗೆ ಕೊಡುತ್ತಾಳೆ. ಮನೆಗೆ ಹೋಗುವುದಿಲ್ಲ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಶಾಲೆ ಬಿಡುವ ತನಕ ಕೂರುತ್ತಾಳೆ. ಮಳೆಯಾದರೆ ಕೊಡೆ ಬಿಚ್ಚುತ್ತಾಳೆ. "ನಿನ್ನೆ ಏನಾದ್ರೂ ಮಾತಾಡಿದ್ಲಾ?" ಎಂದು ಕೇಳುತ್ತಾಳೆ. "ಇಲ್ಲ" ಎನ್ನುತ್ತೇನೆ. ಅದು ನಿಜವೇ ಆಗಿತ್ತು. ಆ ಒಂದು "ಇಲ್ಲ" ನನಗೆ ಬೆಳಗಿನ ಕಾಫಿಗಿಂತ ರುಚಿಯಾಗಿತ್ತು.

"ಆ ಅಜ್ಜಿ ಯಾಕಮ್ಮ ಒಳಗೆ ಬರಲ್ಲ?" ಎಂದು ಮಗ ಒಮ್ಮೆ ಕೇಳಿದ. ಅವಳು ಯಾರೆಂದು ಅವನಿಗೆ ನೆನಪಿಲ್ಲವೋ, ನೆನಪಿದ್ದೂ ಹೇಳಲಿಲ್ಲವೋ. "ಅವರಿಗೆ ಹೊರಗಡೆ ಗಾಳಿ ಬೇಕಂತೆ" ಎಂದೆ. ಗಂಡ ತಟ್ಟೆಯಿಂದ ತಲೆಯೆತ್ತಿ, "ಇನ್ನು ಸಾಕು ಮಾಡೇ" ಎಂದ. "ಮೈಕು ಹಿಡಿದಿದ್ದು ನಿಮ್ಮ ಬಾಯಿಗಲ್ಲ" ಎಂದೆ. ಹಿಡಿದದ್ದು ನನ್ನ ಬಾಯಿಗೂ ಅಲ್ಲ ಎಂದು ಅವನು ಹೇಳಬಹುದಿತ್ತು. ಅದರ ಬದಲು ಅನ್ನಕ್ಕೆ ಕೈ ಹಾಕಿದ.

ಇವತ್ತು ಬೆಳಿಗ್ಗೆ ಎಂದಿನಂತೆ ಮಗುವನ್ನು ಒಳಗೆ ಬಿಟ್ಟು ಚಿಲಕ ಹಾಕಿದೆ. ಪಡಸಾಲೆಯಲ್ಲಿ ಸುದ್ದಿ ಹೇಳುವ ಹೊತ್ತು ಶುರುವಾಗಿತ್ತು. ದಿನವೂ ಪ್ರತಿ ಮಗುವೂ ಎದ್ದು ತನ್ನದೊಂದು ಸುದ್ದಿ ಹೇಳುತ್ತದೆ, ಕಿಟಕಿ ತೆರೆದಿರುವುದರಿಂದ ಗೇಟಿನ ತನಕ ಕೇಳಿಸುತ್ತದೆ. ನನ್ನ ಮಗ ತನ್ನ ಅಲುಗಾಡುವ ಹಲ್ಲಿನ ಬಗ್ಗೆ ಹೇಳಬೇಕಾದ್ದಕ್ಕಿಂತ ಹೆಚ್ಚೇ ಹೇಳಿದ. ಆಮೇಲೆ ಆ ಹುಡುಗಿಯ ಸರದಿ. ಅವಳ ಸರದಿಯಲ್ಲಿ ಟೀಚರಕ್ಕ ಸ್ವಲ್ಪ ಹೊತ್ತು ಕಾದು, ಪಕ್ಕದವರ ಕಡೆಗೆ ತಿರುಗುವುದು ವಾಡಿಕೆ.

ಇವತ್ತು ತಿರುಗಲಿಲ್ಲ. ತೆಳ್ಳನೆಯ, ಒಣಗಿದ ದನಿಯೊಂದು ಕೇಳಿಸಿತು.

"ನಮ್ಮಜ್ಜಿ ಗೇಟ್ ಹತ್ರ ಕೂತಿರ್ತಾರೆ. ಮಳೆ ಬಂದ್ರೂ ಕೂತಿರ್ತಾರೆ."

ಒಳಗೆ ಮಕ್ಕಳೆಲ್ಲ ಒಟ್ಟಿಗೆ ಗಲಗಲ ಎಂದವು. ನಾನು ಹಿಂತಿರುಗಿ ನೋಡಿದೆ. ಮೈಕಮ್ಮ ಕಟ್ಟೆಯಿಂದ ಎದ್ದು ಬಂದು ಕಂಬಿ ಹಿಡಿದು ನಿಂತಿದ್ದಳು. ಮಾತುಗಳು ಅವಳ ಕಿವಿಗೆ ಬಿದ್ದಿರಲಿಲ್ಲ, ದನಿ ಮಾತ್ರ ಬಿದ್ದಿತ್ತು. ಎರಡು ವರ್ಷದಿಂದ ಕೇಳದ ದನಿ. ಮುಖವನ್ನು ಕಂಬಿಗೆ ಒತ್ತಿ, ಕಿವಿಯನ್ನು ಕಿಟಕಿಯ ಕಡೆ ತಿರುಗಿಸಿದ್ದಳು.

"ಅದು... ನಮ್ಮ ಮಗೂ ದನಿನಾ?"

ಚಿಲಕ ನನ್ನ ಕೈಯಲ್ಲೇ ಇತ್ತು.

"ಅಲ್ಲ" ಎಂದೆ. "ಬೇರೆ ಮಗು."

ನನ್ನ ಎದೆಯೊಳಗೆ ಆ ಸಭಾಂಗಣದ ದಿನದಿಂದ ಉರಿಯುತ್ತಿದ್ದುದು ತಣ್ಣಗಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಹೌದಾ" ಎಂದು ಅವಳು ಕಂಬಿ ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಎಷ್ಟು ಮುದ್ದಾಗಿ ಮಾತಾಡುತ್ತೆ. ಪುಣ್ಯ ಮಾಡಿದಾರೆ ಅವರಮ್ಮ." ಮತ್ತೆ ಕಿಟಕಿಯ ಕಡೆ ನೋಡಿ ಕೇಳಿದಳು, "ನಮ್ಮದೂ ಒಂದಿನ ಮಾತಾಡುತ್ತೆ ಅಲ್ವಾ?"

"ಆಡುತ್ತೆ."

"ಆಡಿದ ದಿನ ನೀವೇ ಬಂದು ಹೇಳ್ಬೇಕು ನನಗೆ. ಬೇರೆ ಯಾರನ್ನೂ ಕೇಳಲ್ಲ ನಾನು, ಮಾತು ಕೊಟ್ಟಿದೀನಲ್ಲ. ಹೇಳ್ತೀರಾ?"

"ಹೇಳ್ತೀನಿ" ಎಂದೆ.